ಎರಡು ಫೋಟೊ ಪಕ್ಕಪಕ್ಕ ಇಟ್ಟಾಗ: ಸಿಡಿದ ನಕ್ಷತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ಏಡಿ ನೀಹಾರಿಕೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ವೃಷಭ ರಾಶಿಯಲ್ಲಿ 1054ರಲ್ಲಿ ಸಿಡಿದ ಒಂದು ನಕ್ಷತ್ರದ ಅವಶೇಷ ಅದು ಎಂದಷ್ಟೇ ಹೇಳಿದ್ದೆ. ಅದಕ್ಕೆ ಬಂದ ಪ್ರಶ್ನೆಗಳೇ ಈ ಸಲದ ಅಂಕಣವನ್ನು ತುಂಬಿವೆ. ಮೊದಲನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಯಿತು. ಆ ವಿಷಯ ನನಗೆ ಅಷ್ಟು ಹತ್ತಿರದ್ದು.

ಮೇಡಂ, 1054ರಲ್ಲಿ ದೂರದರ್ಶಕವೇ ಇರಲಿಲ್ಲ. ಅಂದು ಯಾರೋ ನೋಡಿದ ನಕ್ಷತ್ರವೂ ಇಂದು ಕಾಣುವ ಈ ಮೋಡವೂ ಒಂದೇ ಎಂದು ಹೇಗೆ ಹೇಳುತ್ತೀರಿ? ಇದು ಊಹೆ ತಾನೇ?
– ಒಬ್ಬ ಬ್ಯಾಂಕ್ ಉದ್ಯೋಗಿ

ಊಹೆ ಅಲ್ಲ, ಲೆಕ್ಕ. ನಾನೇ ಕೂತು ಮಾಡಿದ ಲೆಕ್ಕ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

2009ರ ಜನವರಿಯಲ್ಲಿ ನನ್ನ 8 ಇಂಚಿನ ದೂರದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಏಡಿ ನೀಹಾರಿಕೆಯ ಫೋಟೊ ತೆಗೆದಿದ್ದೆ. ಬರೀ ಕಣ್ಣಿಟ್ಟು ನೋಡಿದರೆ ಅಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನ ಕಲೆಯಂತೆ ಇರುತ್ತದೆ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕು ಕೂಡಿಟ್ಟ ಮೇಲೆ ಎಳೆಗಳು ಕಾಣತೊಡಗುತ್ತವೆ. ಹರಿದ ಬಲೆಯಂಥ ಕೆಂಪನೆಯ ಎಳೆಗಳು. ಆ ಫೋಟೊ ಕಂಪ್ಯೂಟರಿನಲ್ಲಿ ಹಾಗೇ ಉಳಿದಿತ್ತು. 2024ರ ಜನವರಿಯಲ್ಲಿ ಅದೇ ದೂರದರ್ಶಕದಲ್ಲಿ ಇನ್ನೊಂದು ತೆಗೆದೆ. ಮಗಳು ಎರಡನ್ನೂ ಒಂದರ ಮೇಲೊಂದು ಇಟ್ಟು, ಸುತ್ತಲಿನ ನಕ್ಷತ್ರಗಳು ಸರಿಯಾಗಿ ಕೂರುವಂತೆ ಹೊಂದಿಸಿದಳು. ಆಮೇಲೆ ಪರದೆಯ ಮೇಲೆ ಒಂದಾದ ಮೇಲೊಂದು ಬರುವ ಹಾಗೆ ಮಾಡಿದಳು. ಹಳೆಯದು, ಹೊಸದು. ಹಳೆಯದು, ಹೊಸದು. ನಕ್ಷತ್ರಗಳು ಕದಲಲಿಲ್ಲ. ನೀಹಾರಿಕೆ ಮಾತ್ರ ಎದೆ ಉಬ್ಬಿಸಿದಂತೆ ಹಿಗ್ಗಿತು, ಕುಗ್ಗಿತು. ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಪುಸ್ತಕದಲ್ಲಿ ಎಷ್ಟೋ ಸಲ ಓದಿದ್ದ ಸಂಗತಿ ಅದು. ನಾನೇ ತೆಗೆದ ಫೋಟೊದಲ್ಲಿ ಅದು ಕಣ್ಣೆದುರಿಗೇ ನಡೆಯುತ್ತಿತ್ತು.

ನೀಹಾರಿಕೆಯ ವಾಯವ್ಯದ ಅಂಚಿನಲ್ಲಿ ಗಂಟು ಹಾಕಿದಂತಿರುವ ಒಂದು ಎಳೆ ಇದೆ. ಅದನ್ನೇ ಹಿಡಿದು ಅಳೆದೆ. ನಡುವಿನಿಂದ ಅದರ ದೂರ 162 ಆರ್ಕ್‌ಸೆಕೆಂಡ್. ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಅದರಲ್ಲಿ ಒಂದು. 15 ವರ್ಷದಲ್ಲಿ ಆ ಗಂಟು ಹೊರಕ್ಕೆ ಸರಿದದ್ದು ಸುಮಾರು 2.7 ಆರ್ಕ್‌ಸೆಕೆಂಡ್. 2.7 ಸರಿಯಲು 15 ವರ್ಷ ಬೇಕಾದರೆ, ನಡುವಿನಿಂದ 162ರವರೆಗೆ ಬರಲು ಎಷ್ಟು ಬೇಕು? 900 ವರ್ಷ. 2024ರಲ್ಲಿ 900 ಕಳೆದರೆ 1124.

ಇದೇ ಕೆಲಸವನ್ನು ಮೊದಲು ಮಾಡಿದವರು ಮೌಂಟ್ ವಿಲ್ಸನ್ ವೀಕ್ಷಣಾಲಯದ ಜಾನ್ ಡಂಕನ್. 1909ರಲ್ಲಿ ತೆಗೆದ ಗಾಜಿನ ಫಲಕವನ್ನೂ 1921ರ ಫಲಕವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಇದು ಹರಡುತ್ತಿದೆ ಎಂದು ತೋರಿಸಿದರು. ಹಾಗಾದರೆ ಸುಮಾರು 900 ವರ್ಷದ ಹಿಂದೆ ಇದೆಲ್ಲ ಒಂದೇ ಚುಕ್ಕೆಯಲ್ಲಿ ಇರಬೇಕು ಎಂದು 1928ರಲ್ಲಿ ಎಡ್ವಿನ್ ಹಬಲ್ ಬರೆದರು. 1054ರ ಕಡೆಗೆ ಬೊಟ್ಟು ಮಾಡಿದವರೂ ಅವರೇ. ಚೀನಾದ ಆಸ್ಥಾನ ಜ್ಯೋತಿಷಿಗಳ ದಾಖಲೆ ಇತ್ತಲ್ಲ! 1054ರ ಜುಲೈ 4ರಂದು ವೃಷಭದ ಕೊಂಬಿನ ತುದಿಯ ನಕ್ಷತ್ರದ ಹತ್ತಿರ ಒಂದು 'ಅತಿಥಿ ನಕ್ಷತ್ರ' ಬಂತು. 23 ದಿನ ಹಗಲಲ್ಲೇ ಕಾಣಿಸುತ್ತಿತ್ತು. ರಾತ್ರಿಯಲ್ಲಿ ಸುಮಾರು 21 ತಿಂಗಳು ಕಂಡು ಆಮೇಲೆ ಮರೆಯಾಯಿತು. ನೀಹಾರಿಕೆ ಇರುವುದೂ ಅದೇ ಕೊಂಬಿನ ತುದಿಯ ಪಕ್ಕದಲ್ಲಿ. ಜಾಗ ಹೊಂದುತ್ತದೆ, ಕಾಲ ಹೊಂದುತ್ತದೆ.

ಕಾಲ ಪೂರ್ತಿ ಹೊಂದಲಿಲ್ಲವಲ್ಲ, 70 ವರ್ಷ ವ್ಯತ್ಯಾಸ ಇದೆಯಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕು. ನನ್ನದು ಒರಟು ಅಳತೆ, ನಿಜ. ಆದರೆ ತಪ್ಪು ಅಳತೆಯದಲ್ಲ. ವರ್ಜೀನಿಯಾ ಟ್ರಿಂಬಲ್ ಎಂಬ ಖಗೋಳವಿಜ್ಞಾನಿ 1968ರಲ್ಲಿ 127 ಎಳೆಗಳನ್ನು ಒಂದೊಂದಾಗಿ ಅಳೆದರು. ಅವರಿಗೂ 1140ರ ಆಸುಪಾಸು ಬಂತು. ಮತ್ತೆ ಮತ್ತೆ ಅಳೆದರೂ ಉತ್ತರ 1054ಕ್ಕೆ ಇಳಿಯುವುದಿಲ್ಲ. ಈ ವ್ಯತ್ಯಾಸದಲ್ಲೇ ಒಂದು ದೊಡ್ಡ ಸುದ್ದಿ ಇದೆ. ಒಂದು ಬಸ್ಸು ಈಗ ಓಡುತ್ತಿರುವ ವೇಗವನ್ನೇ ಹಿಡಿದು ಅದು ಯಾವಾಗ ಹೊರಟಿರಬೇಕು ಎಂದು ಲೆಕ್ಕ ಹಾಕಿದಿರಿ ಎಂದುಕೊಳ್ಳಿ. ಬಸ್ಸು ಮೊದಲು ನಿಧಾನಕ್ಕೆ ಹೊರಟು ದಾರಿಯಲ್ಲಿ ವೇಗ ಹೆಚ್ಚಿಸಿಕೊಂಡಿದ್ದರೆ, ನಿಮ್ಮ ಲೆಕ್ಕದಲ್ಲಿ ಅದು ತಡವಾಗಿ ಹೊರಟಂತೆ ಬರುತ್ತದೆ. ಇಲ್ಲಿ ಆಗಿರುವುದೂ ಅದೇ. ಎಳೆಗಳು ಹೊರಟಾಗ ಇದ್ದುದಕ್ಕಿಂತ ಈಗ ಜಾಸ್ತಿ ವೇಗದಲ್ಲಿವೆ. ಯಾವುದೋ ಒಂದು ಅವನ್ನು ಒಳಗಿನಿಂದ ತಳ್ಳುತ್ತಲೇ ಇದೆ.

ತಳ್ಳುತ್ತಿರುವುದು ನೀಹಾರಿಕೆಯ ನಡುವೆ ಉಳಿದಿರುವ ನ್ಯೂಟ್ರಾನ್ ನಕ್ಷತ್ರ. ಸಿಡಿದ ನಕ್ಷತ್ರದ ತಿರುಳು ಕುಸಿದು ಕುಗ್ಗಿ ಆದದ್ದು ಅದು. ಅಡ್ಡಳತೆ ಸುಮಾರು 20 ಕಿಲೋಮೀಟರ್. ತೂಕ ಸೂರ್ಯನಿಗಿಂತ ಜಾಸ್ತಿ. ಸೆಕೆಂಡಿಗೆ 30 ಸಲ ಗಿರ್ರನೆ ತಿರುಗುತ್ತದೆ, ತಿರುಗುತ್ತಾ ರೇಡಿಯೊ ಅಲೆಗಳನ್ನು ದೀಪಸ್ತಂಭದಂತೆ ಬೀಸುತ್ತದೆ. ಇಂಥದಕ್ಕೆ ಪಲ್ಸಾರ್ ಎನ್ನುತ್ತಾರೆ. ಇದನ್ನು 1968ರಲ್ಲಿ ಪತ್ತೆ ಮಾಡಿದರು. ಅದರ ಒಂದು ಸುತ್ತಿಗೆ ಬೇಕಾಗುವ ಸಮಯ ದಿನಕ್ಕೆ ಸುಮಾರು 36 ನ್ಯಾನೋಸೆಕೆಂಡಿನಷ್ಟು ಹೆಚ್ಚುತ್ತಿದೆ. ನ್ಯಾನೋಸೆಕೆಂಡ್ ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಕೇಳಲು ಇಷ್ಟೇ ಅನ್ನಿಸುತ್ತದೆ, ಅಲ್ವಾ? ಆದರೆ ಹೀಗೆ ನಿಧಾನವಾಗುವಾಗ ಅದು ಬಿಟ್ಟುಕೊಡುವ ಶಕ್ತಿ ಸೂರ್ಯನ ಬೆಳಕಿನ ಲಕ್ಷ ಪಟ್ಟಿಗೂ ಜಾಸ್ತಿ. ಆ ಶಕ್ತಿಯೇ ನೀಹಾರಿಕೆಯನ್ನು ಬೆಳಗಿಸುತ್ತಿದೆ, ಎಳೆಗಳನ್ನು ಹೊರಕ್ಕೆ ನೂಕುತ್ತಿದೆ. ನನ್ನ ಲೆಕ್ಕದಲ್ಲಿ ಕಾಣೆಯಾದ 70 ವರ್ಷ ಹೋದದ್ದು ಅಲ್ಲಿಗೆ.

ಇನ್ನೊಂದು ಸಾಕ್ಷ್ಯವನ್ನೂ ಹೇಳಿಬಿಡುತ್ತೇನೆ. ಬೆಳಕನ್ನು ಪಟ್ಟಕದಲ್ಲಿ ಹಾಯಿಸಿ ಬಣ್ಣಗಳಾಗಿ ಬಿಡಿಸಿದರೆ ಸಿಗುವ ಪಟ್ಟಿಯನ್ನು ರೋಹಿತ ಎನ್ನುತ್ತೇವೆ. ಬಿಸಿ ಅನಿಲದ ರೋಹಿತದಲ್ಲಿ ಪ್ರತಿ ಧಾತುವಿಗೂ ಅದರದೇ ಗೆರೆಗಳಿರುತ್ತವೆ. ನೀಹಾರಿಕೆಗೆ ಅಡ್ಡಲಾಗಿ ಒಂದು ಸಣ್ಣ ಸೀಳಿಟ್ಟು ಅಲ್ಲಿಂದ ಬಂದ ಬೆಳಕಿನ ರೋಹಿತ ತೆಗೆದರೆ ಆಮ್ಲಜನಕದ ಹಸಿರು ಗೆರೆ ನೆಟ್ಟಗೆ ನಿಲ್ಲುವುದಿಲ್ಲ. ಮೇಲಿನ ತುದಿಯಲ್ಲಿ ಒಂದೇ ಗೆರೆ. ಕೆಳಗಿಳಿಯುತ್ತಾ ಎರಡಾಗಿ ಒಡೆಯುತ್ತದೆ, ನಡುವಿನಲ್ಲಿ ತೀರಾ ಅಗಲವಾಗುತ್ತದೆ, ಕೆಳಗಿನ ತುದಿಯಲ್ಲಿ ಮತ್ತೆ ಒಂದಾಗುತ್ತದೆ. ಒಟ್ಟಿನಲ್ಲಿ ಕಣ್ಣಿನ ಆಕಾರ. ನಮ್ಮ ಕಡೆಗೆ ಬರುತ್ತಿರುವ ಮುಂಭಾಗದ ಅನಿಲದ ಬೆಳಕು ನೀಲಿಯ ಕಡೆ ಸರಿದಿದೆ. ಆಚೆಗೆ ಹೋಗುತ್ತಿರುವ ಹಿಂಭಾಗದ್ದು ಕೆಂಪಿನ ಕಡೆ ಸರಿದಿದೆ. ಅಂಚುಗಳಲ್ಲಿ ಅನಿಲ ಪಕ್ಕಕ್ಕೆ ಹೋಗುತ್ತಿರುವುದರಿಂದ ಗೆರೆ ಒಡೆದಿಲ್ಲ. ಎಲ್ಲ ದಿಕ್ಕಿಗೂ ಹಿಗ್ಗುತ್ತಿರುವ ಗುಳ್ಳೆಯೊಂದರ ಚಿತ್ರ ಹೀಗಲ್ಲದೆ ಬೇರೆ ಹೇಗೂ ಬರುವುದಿಲ್ಲ. ಗೆರೆಗಳು ಎಷ್ಟು ಸರಿದಿವೆ ಎನ್ನುವುದರಿಂದ ವೇಗ ಸಿಗುತ್ತದೆ. ಅದು ಸೆಕೆಂಡಿಗೆ ಸುಮಾರು 1,500 ಕಿಲೋಮೀಟರ್. ಆ ವೇಗದಲ್ಲಿ ಒಂದು ವರ್ಷಕ್ಕೆ 4,700 ಕೋಟಿ ಕಿಲೋಮೀಟರಿಗೂ ಜಾಸ್ತಿ ದೂರ ಆಗುತ್ತದೆ. ಅಷ್ಟು ದೊಡ್ಡ ದೂರ ನಮ್ಮ ಫೋಟೊದಲ್ಲಿ ಇಷ್ಟು ಚಿಕ್ಕದಾಗಿ ಕಾಣಬೇಕಾದರೆ ನೀಹಾರಿಕೆ ಎಷ್ಟು ದೂರ ಇರಬೇಕು? ಸುಮಾರು 6,500 ಜ್ಯೋತಿರ್ವರ್ಷ. ಅಂದರೆ 1054 ಎನ್ನುವುದು ಬೆಳಕು ಇಲ್ಲಿಗೆ ತಲುಪಿದ ವರ್ಷ. ನಕ್ಷತ್ರ ಸಿಡಿದದ್ದು ಅದಕ್ಕೂ 6,500 ವರ್ಷ ಮೊದಲು. ಕಳೆದ ಸಲ ಇದನ್ನು ನಾನು ಬಿಡಿಸಿ ಹೇಳಿರಲಿಲ್ಲ.

ಯಾರೂ ಕಾಣದ ಸ್ಫೋಟವನ್ನೂ ಇದೇ ದಾರಿಯಲ್ಲಿ ಹಿಡಿದದ್ದಿದೆ. ನಮ್ಮ ಹಾಲುಹಾದಿಯ ನಡುಭಾಗದ ಹತ್ತಿರ ಜಿ1.9+0.3 ಎಂಬ ಪುಟ್ಟ ಅವಶೇಷ ಇದೆ. 1985ರ ರೇಡಿಯೊ ಚಿತ್ರವನ್ನೂ 'ಚಂದ್ರ' ಎಂಬ ಎಕ್ಸ್‌-ರೇ ಉಪಗ್ರಹ 2007ರಲ್ಲಿ ತೆಗೆದ ಚಿತ್ರವನ್ನೂ ಹೋಲಿಸಿದಾಗ ಅದು ಶೇಕಡಾ 16ರಷ್ಟು ದೊಡ್ಡದಾಗಿರುವುದು ಕಂಡಿತು. ಇಷ್ಟು ಬೇಗ ಬೆಳೆಯುತ್ತಿದೆ ಎಂದರೆ ಎಳೆಯದು. ಅದರ ಬೆಳಕು ಭೂಮಿಗೆ ಬಂದದ್ದು ಸುಮಾರು 1900ರ ಆಸುಪಾಸು. ದಾರಿಯಲ್ಲಿ ದಟ್ಟ ಧೂಳು ಅಡ್ಡ ಇದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆ ಹೊತ್ತಿಗೆ ದೊಡ್ಡ ದೊಡ್ಡ ದೂರದರ್ಶಕಗಳೇ ಇದ್ದವು. ಆದರೂ ತಪ್ಪಿಹೋಯಿತು.

ಇಂಟರ್ನೆಟ್ಟಿನಲ್ಲಿ ಬರುವ ನೀಹಾರಿಕೆಗಳ ಬಣ್ಣ ನಿಜವಾ? ಸುಮ್ನೆ ಚೆಂದಕ್ಕೆ ಹಚ್ಚುತ್ತಾರೆ ಎಂದು ನನ್ನ ಸಹೋದ್ಯೋಗಿ ವಾದ ಮಾಡುತ್ತಾರೆ.
– ಶಾಲಾ ಶಿಕ್ಷಕಿ

ನಿಮ್ಮ ಸಹೋದ್ಯೋಗಿ ಅರ್ಧ ಸರಿ. ಜಲಜನಕದ ಕೆಂಪು ನಿಜವಾದ ಕೆಂಪೇ. ನಮ್ಮ ಕಣ್ಣಿಗೆ ಅಷ್ಟು ಮಂದ ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ, ಅದಕ್ಕೇ ದೂರದರ್ಶಕದಲ್ಲಿ ಬೂದಿ ಬಣ್ಣವಾಗಿ ಕಾಣುತ್ತದೆ. ಆದರೆ ಎಕ್ಸ್‌-ರೇ ಚಿತ್ರಗಳ ಬಣ್ಣ ಮನುಷ್ಯರು ಕೊಟ್ಟದ್ದು. ಎಕ್ಸ್‌-ರೇಗೆ ಬಣ್ಣ ಎಲ್ಲಿಂದ ಬರಬೇಕು? 'ಚೆಂದಕ್ಕೆ' ಎನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನಕಾಶೆಯಲ್ಲಿ ನೀರಿಗೆ ನೀಲಿ, ಕಾಡಿಗೆ ಹಸಿರು ಹಚ್ಚಿದ ಹಾಗೆ ಇಲ್ಲಿ ಪ್ರತಿ ಬಣ್ಣಕ್ಕೂ ಅರ್ಥ ಇರುತ್ತದೆ.

ಕ್ಯಾಸಿಯೋಪಿಯಾ ನಕ್ಷತ್ರಪುಂಜದಲ್ಲಿರುವ ಕ್ಯಾಸ್-ಎ ಎಂಬ ಅವಶೇಷವನ್ನೇ ತೆಗೆದುಕೊಳ್ಳಿ. ದೂರ ಸುಮಾರು 11,000 ಜ್ಯೋತಿರ್ವರ್ಷ. ಸಿಡಿದ ಬೆಳಕು ಇಲ್ಲಿಗೆ ಬಂದು ಸುಮಾರು 340 ವರ್ಷ ಆಗಿರಬೇಕು. ಸಿಡಿದಾಗ ಹೊರಟ ಆಘಾತದ ಅಲೆ ಅಲ್ಲಿನ ಅನಿಲವನ್ನು ಕೋಟಿಗಟ್ಟಲೆ ಡಿಗ್ರಿಗೆ ಕಾಯಿಸಿದೆ. ಅಷ್ಟು ಬಿಸಿಯಾದದ್ದು ಎಕ್ಸ್‌-ರೇಯಲ್ಲಿ ಹೊಳೆಯುತ್ತದೆ. ನಮ್ಮ ಗಾಳಿ ಎಕ್ಸ್‌-ರೇಯನ್ನು ತಡೆಯುತ್ತದೆ, ಹಾಗಾಗಿ ನೋಡಬೇಕಾದರೆ ಉಪಗ್ರಹವೇ ಬೇಕು. 1999ರಲ್ಲಿ ಹಾರಿಸಿದ ಚಂದ್ರ ಉಪಗ್ರಹ ಜಗತ್ತಿಗೆ ತೋರಿಸಿದ ಮೊದಲ ಚಿತ್ರವೇ ಕ್ಯಾಸ್-ಎಯದು. ಶ್ವೇತಕುಬ್ಜಗಳ, ಅಂದರೆ ಇಂಧನ ಮುಗಿದು ಕುಗ್ಗಿ ಉಳಿದ ಸಣ್ಣ ನಕ್ಷತ್ರಗಳ, ತೂಕಕ್ಕೆ ಒಂದು ಮಿತಿ ಇದೆ ಎಂದು ಲೆಕ್ಕ ಹಾಕಿದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರನ್ನೇ ಆ ಉಪಗ್ರಹಕ್ಕೆ ಇಟ್ಟಿರುವುದು. ಆ ಚಿತ್ರದ ನಡುವೆ ಒಂದು ಸಣ್ಣ ಚುಕ್ಕೆ ಇತ್ತು. ಅದುವರೆಗೆ ಯಾರೂ ಕಾಣದಿದ್ದ ನ್ಯೂಟ್ರಾನ್ ನಕ್ಷತ್ರ.

ಚಂದ್ರದ ಯಂತ್ರ ಬರೀ ಚಿತ್ರ ತೆಗೆಯುವುದಿಲ್ಲ. ಬಂದು ಬೀಳುವ ಒಂದೊಂದು ಎಕ್ಸ್‌-ರೇ ಕಣದ ಶಕ್ತಿ ಎಷ್ಟು ಎಂದೂ ಬರೆದಿಡುತ್ತದೆ. ಸಿಲಿಕಾನ್ ಒಂದು ಶಕ್ತಿಯಲ್ಲಿ ಹೊಳೆದರೆ, ಗಂಧಕ ಇನ್ನೊಂದರಲ್ಲಿ, ಕ್ಯಾಲ್ಸಿಯಂ, ಕಬ್ಬಿಣ ಮತ್ತೆ ಬೇರೆಯವುಗಳಲ್ಲಿ. ಒಂದು ಪ್ರಸಿದ್ಧ ಚಿತ್ರದಲ್ಲಿ ಸಿಲಿಕಾನಿಗೆ ಕೆಂಪು, ಗಂಧಕಕ್ಕೆ ಹಳದಿ, ಕ್ಯಾಲ್ಸಿಯಮ್ಮಿಗೆ ಹಸಿರು, ಕಬ್ಬಿಣಕ್ಕೆ ನೇರಳೆ ಕೊಟ್ಟಿದ್ದಾರೆ. ಹೀಗೆ ಬಣ್ಣ ಹಚ್ಚಿದ್ದರಿಂದಲೇ ಒಂದು ವಿಚಿತ್ರ ಎದ್ದು ಕಾಣುತ್ತದೆ. ಸಿಡಿಯುವ ಮುಂಚೆ ದೊಡ್ಡ ನಕ್ಷತ್ರದೊಳಗೆ ಧಾತುಗಳು ಪದರ ಪದರವಾಗಿ ಇರುತ್ತವೆ. ಕಬ್ಬಿಣ ತೀರಾ ಒಳಗೆ, ಸಿಲಿಕಾನ್ ಅದರ ಹೊರಗೆ. ಕ್ಯಾಸ್-ಎಯ ಕೆಲವು ಕಡೆ ಇದು ಉಲ್ಟಾ ಆಗಿದೆ. ಕಬ್ಬಿಣ ಸಿಲಿಕಾನನ್ನು ದಾಟಿ ಹೊರಗೆ ಬಂದಿದೆ. ಅಂದರೆ ನಕ್ಷತ್ರ ಚೆಂಡಿನ ಹಾಗೆ ಎಲ್ಲ ಕಡೆ ಸಮನಾಗಿ ಸಿಡಿಯಲಿಲ್ಲ. ಒಳಗಿನದು ಕುದಿದು, ಅಡ್ಡಾದಿಡ್ಡಿಯಾಗಿ ನುಗ್ಗಿ ಹೊರಬಂದಿದೆ. ಇದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು 2014ರಲ್ಲಿ. ಸ್ಫೋಟದ ಒಡಲಲ್ಲೇ ಹುಟ್ಟುವ ಟೈಟಾನಿಯಂ-44 ಎಂಬ ವಿಕಿರಣಶೀಲ ಧಾತು ಅಲ್ಲಿ ಎಲ್ಲೆಲ್ಲಿದೆ ಎಂದು ನುಸ್ಟಾರ್ ಉಪಗ್ರಹ ಗುರುತಿಸಿತು. ಅದು ಸುಮಾರು 60 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 340 ವರ್ಷದಲ್ಲಿ ಐವತ್ತರಲ್ಲಿ ಒಂದು ಪಾಲು ಉಳಿದಿರಬಹುದು, ಅಷ್ಟೇ. ಆ ಉಳಿದದ್ದೂ ಒಂದೇ ಸಮ ಹರಡಿರಲಿಲ್ಲ, ಗುಂಪು ಗುಂಪಾಗಿ ಚೆದುರಿ ಬಿದ್ದಿತ್ತು.

ಎಷ್ಟು ಸರಕು ಹೊರಬಂದಿದೆ ಎಂದೂ ಹೀಗೆಯೇ ಅಂದಾಜು ಮಾಡುತ್ತಾರೆ. ಕ್ಯಾಸ್-ಎ ಚೆಲ್ಲಿರುವ ಆಮ್ಲಜನಕ ಒಂದರಿಂದಲೇ ಸುಮಾರು 10 ಲಕ್ಷ ಭೂಮಿಯಷ್ಟು ತೂಕ ಆಗುತ್ತದೆ. ಬಣ್ಣಗಳ ಬಗ್ಗೆ ವಾದ ಮಾಡುವವರಿಗೆ ದಯವಿಟ್ಟು ಇದನ್ನು ಹೇಳಿ.

ಟೈಕೊ ಬ್ರಾಹೆ 1572ರಲ್ಲಿ ನೋಡಿದ ಹೊಸ ನಕ್ಷತ್ರದ ಬಗ್ಗೆ ಓದಿದೆ. ಆಗ ದೂರದರ್ಶಕ ಇದ್ದಿದ್ದರೆ ಎಷ್ಟು ವಿಷಯ ತಿಳಿಯುತ್ತಿತ್ತು! ಆ ಅವಕಾಶ ಪೂರ್ತಿ ಕೈತಪ್ಪಿದಂತೆ ತಾನೇ?
– ನಿವೃತ್ತ ಎಂಜಿನಿಯರ್

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ನಕ್ಷತ್ರ ಹೀಗೆ ಸಿಡಿಯುವುದಕ್ಕೆ ಸೂಪರ್‌ನೋವಾ ಎನ್ನುತ್ತಾರೆ. 1604ರಲ್ಲಿ ಕೆಪ್ಲರ್ ನೋಡಿದ ಸೂಪರ್‌ನೋವಾ ನೆನೆದಾಗ ನನಗೆ ಇನ್ನೂ ಜಾಸ್ತಿ ಬೇಜಾರಾಗುತ್ತದೆ. ಇನ್ನು ಐದು ವರ್ಷ ತಡೆದಿದ್ದರೆ ಗೆಲಿಲಿಯೊ ಕೈಯಲ್ಲಿ ದೂರದರ್ಶಕ ಇರುತ್ತಿತ್ತು. ಅದಾದ ಮೇಲೆ ನಮ್ಮ ಹಾಲುಹಾದಿಯಲ್ಲಿ ಬರಿಗಣ್ಣಿಗೆ ಚೆನ್ನಾಗಿ ಕಾಣುವಂಥ ಸ್ಫೋಟ ಆಗಿಯೇ ಇಲ್ಲ.

ಆದರೆ ಟೈಕೊನ ನಕ್ಷತ್ರ ಪೂರ್ತಿ ಕೈತಪ್ಪಿಲ್ಲ. ಅದು ಸಿಡಿದ ಬೆಳಕನ್ನು 2008ರಲ್ಲಿ ಮತ್ತೆ ಹಿಡಿದಿದ್ದಾರೆ. ಅವಶೇಷದ ಬೆಳಕಲ್ಲ, ಸಿಡಿದಾಗಿನ ಬೆಳಕನ್ನೇ.

ಬೆಟ್ಟದ ಮುಂದೆ ನಿಂತು ಕೂಗಿದರೆ ದನಿ ಬಡಿದು ವಾಪಸ್ ಬರುತ್ತದೆ, ಅಲ್ವಾ? ಬೆಳಕಿಗೂ ಅದೇ ಆಗುತ್ತದೆ. ನಕ್ಷತ್ರ ಸಿಡಿದಾಗ ಬೆಳಕು ಎಲ್ಲ ದಿಕ್ಕಿಗೂ ಹೋಗುತ್ತದೆ. ನೇರವಾಗಿ ಬಂದದ್ದನ್ನು ಟೈಕೊ ನೋಡಿದರು. ಬೇರೆ ಕಡೆ ಹೊರಟದ್ದರಲ್ಲಿ ಸ್ವಲ್ಪ ದೂರದ ಧೂಳಿನ ಮೋಡಕ್ಕೆ ತಾಗಿ ನಮ್ಮ ಕಡೆ ತಿರುಗಿತು. ಸುತ್ತು ದಾರಿ, ಹಾಗಾಗಿ ತಡ. 436 ವರ್ಷ ತಡ! ಆಕಾಶದ ಅದೇ ಭಾಗವನ್ನು ಬೇರೆ ಬೇರೆ ರಾತ್ರಿ ಫೋಟೊ ತೆಗೆದು, ಹೊಸದರಿಂದ ಹಳೆಯದನ್ನು ಕಳೆದರೆ ಮಂದವಾದ ಗೀಟೊಂದು ಉಳಿಯುತ್ತದೆ. ತಿಂಗಳು ಕಳೆದ ಹಾಗೆ ಅದು ಜಾಗ ಬದಲಿಸುತ್ತದೆ. ಅದೇ ಬೆಳಕಿನ ಪ್ರತಿಧ್ವನಿ. ಹವಾಯಿಯ ಸುಬಾರು ದೂರದರ್ಶಕ ಅದರ ರೋಹಿತ ತೆಗೆಯಿತು. ಅದರಲ್ಲಿ ಜಲಜನಕದ ಗುರುತಿಲ್ಲ, ಸಿಲಿಕಾನ್ ಇತ್ತು. ಆ ಗುರುತು ಇರುವುದು ಟೈಪ್ 1ಎ ಸ್ಫೋಟಕ್ಕೆ.

ಅದರ ಅರ್ಥ ಹೇಳುತ್ತೇನೆ. ನಕ್ಷತ್ರಗಳು ಮುಖ್ಯವಾಗಿ ಎರಡು ರೀತಿಯಲ್ಲಿ ಸಿಡಿಯುತ್ತವೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ತೂಕದ ನಕ್ಷತ್ರದಲ್ಲಿ ಇಂಧನ ಮುಗಿದ ತಿರುಳು ತನ್ನ ಭಾರಕ್ಕೇ ಕುಸಿಯುತ್ತದೆ, ಹೊರಭಾಗ ಸಿಡಿಯುತ್ತದೆ. ಏಡಿ ನೀಹಾರಿಕೆ ಆ ಜಾತಿ. ಇನ್ನೊಂದು ಜಾತಿಯಲ್ಲಿ ಸಿಡಿಯುವುದು ಶ್ವೇತಕುಬ್ಜ. ಜೊತೆಯ ನಕ್ಷತ್ರದಿಂದ ಅನಿಲ ಎಳೆದುಕೊಂಡೋ ಇನ್ನೊಂದು ಶ್ವೇತಕುಬ್ಜದ ಜೊತೆ ಕೂಡಿಯೋ, ಚಂದ್ರಶೇಖರ್ ಹೇಳಿದ ಮಿತಿಯ ಹತ್ತಿರ, ಅಂದರೆ ಸೂರ್ಯನ 1.4 ಪಟ್ಟು ತೂಕದ ಹತ್ತಿರ ಬಂದಾಗ ಅದು ಪೂರ್ತಿ ಉರಿದು ಚೂರಾಗುತ್ತದೆ. ನಡುವೆ ಏನೂ ಉಳಿಯುವುದಿಲ್ಲ. ಟೈಕೊನ ಅವಶೇಷದಲ್ಲಿ ನ್ಯೂಟ್ರಾನ್ ನಕ್ಷತ್ರ ಇಲ್ಲದಿರುವುದಕ್ಕೆ ಇದೇ ಕಾರಣ. ಟೈಪ್ 1ಎ ಸ್ಫೋಟಗಳ ನಿಜವಾದ ಹೊಳಪನ್ನು ಲೆಕ್ಕ ಹಾಕಬಹುದು. ಹಾಗಾಗಿ ದೂರದ ಗ್ಯಾಲಕ್ಸಿಗಳ ದೂರ ಅಳೆಯಲು ಅವು ಅಳತೆಗೋಲು. ವಿಶ್ವ ಹಿಗ್ಗುವ ವೇಗ ಹೆಚ್ಚುತ್ತಿದೆ ಎಂದು 1998ರಲ್ಲಿ ತಿಳಿದದ್ದು ಅವುಗಳಿಂದಲೇ.

ಟೈಕೊ ಆ ನಕ್ಷತ್ರದ ಹೊಳಪು ಮತ್ತು ಬಣ್ಣ ವಾರದಿಂದ ವಾರಕ್ಕೆ ಹೇಗೆ ಬದಲಾಯಿತು ಎಂದು ಬರೆದಿಟ್ಟಿದ್ದರು. ಬರಿಗಣ್ಣಿನಲ್ಲಿ ನೋಡಿ ಬರೆದ ಆ ಟಿಪ್ಪಣಿಗಳೂ 2008ರ ರೋಹಿತವೂ ಇವತ್ತು ಒಂದೇ ಮೇಜಿನ ಮೇಲೆ ಇವೆ.

ನಕ್ಷತ್ರ ಸಿಡಿಯುವ ಮೊದಲೇ ಸುಳಿವು ಸಿಗುತ್ತದೆಯೇ?
– ಪಿಯು ವಿದ್ಯಾರ್ಥಿ

ವರ್ಷಗಳ ಮೊದಲು ಸಿಗುವುದಿಲ್ಲ. ಬೆಳಕು ಕಾಣುವ ಕೆಲವು ಗಂಟೆ ಮೊದಲು ಸಿಗಬಹುದು. ಒಮ್ಮೆ ಸಿಕ್ಕಿದೆ.

1987ರ ಫೆಬ್ರುವರಿ 24ರ ಬೆಳಗಿನ ಜಾವ. ಚಿಲಿ ದೇಶದ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ಎಂಬ ಯುವಕ ದೊಡ್ಡ ಮೆಗೆಲ್ಲನ್ ಮೋಡದ ಫೋಟೊ ತೆಗೆದಿದ್ದರು. ಅದು ನಮ್ಮ ಪಕ್ಕದ ಸಣ್ಣ ಗ್ಯಾಲಕ್ಸಿ, 1,68,000 ಜ್ಯೋತಿರ್ವರ್ಷ ದೂರ. ಫಲಕ ತೊಳೆದು ನೋಡಿದರೆ ಇರಬಾರದ ಕಡೆ ಒಂದು ದಪ್ಪ ಚುಕ್ಕೆ. ಫಲಕದ ದೋಷ ಇರಬೇಕು ಎಂದುಕೊಂಡರು. ಆಮೇಲೆ ಹೊರಗೆ ಬಂದು ತಲೆ ಎತ್ತಿ ನೋಡಿದರು. ಅದು ಅಲ್ಲೇ ಇತ್ತು, ಬರಿಗಣ್ಣಿಗೆ ಕಾಣುವಂತೆ. ಅಲ್ಲಿನ ಸಿಬ್ಬಂದಿ ಆಸ್ಕರ್ ದುಹಾಲ್ದೆ ಅದಕ್ಕೂ ಮೊದಲೇ ಹೊರಗೆ ಹೋದಾಗ ನೋಡಿದ್ದರು.

ಸುದ್ದಿ ಹಬ್ಬಿದ ಮೇಲೆ ಜಪಾನಿನ ಕಾಮಿಯೊಕಾಂಡೆ ಎಂಬ ಭೂಗತ ಪ್ರಯೋಗಾಲಯದವರು ತಮ್ಮ ದಾಖಲೆಗಳನ್ನು ತೆಗೆದು ನೋಡಿದರು. ಗಣಿಯ ಆಳದಲ್ಲಿ ಒಂದು ದೊಡ್ಡ ನೀರಿನ ತೊಟ್ಟಿ, ಸುತ್ತ ಬೆಳಕು ಹಿಡಿಯುವ ಸಾಧನಗಳು. ನ್ಯೂಟ್ರಿನೊ ಎಂಬ ಕಣ ನೀರಿಗೆ ಡಿಕ್ಕಿ ಹೊಡೆದರೆ ಒಂದು ಕ್ಷೀಣ ನೀಲಿ ಮಿಂಚು ಬರುತ್ತದೆ. ಡಿಕ್ಕಿ ಹೊಡೆಯುವುದೇ ಅಪರೂಪ. ಅಂದು ಭೂಮಿಯ ಪ್ರತಿ ಚದರ ಸೆಂಟಿಮೀಟರಿನ ಮೂಲಕ ಸಾವಿರ ಕೋಟಿಗೂ ಜಾಸ್ತಿ ನ್ಯೂಟ್ರಿನೊ ಹಾದುಹೋಗಿವೆ. ಜಪಾನ್, ಅಮೆರಿಕ, ರಷ್ಯಾದ ಮೂರು ಪ್ರಯೋಗಾಲಯಗಳೂ ಸೇರಿ ಹಿಡಿದದ್ದು ಸುಮಾರು 25. ಆ ಇಪ್ಪತ್ತೈದೇ ಸಾಕಾಯಿತು. ಬೆಳಕು ಮೊದಲು ಫೋಟೊದಲ್ಲಿ ಸಿಕ್ಕಿದ್ದಕ್ಕಿಂತ ಸುಮಾರು ಮೂರು ಗಂಟೆ ಮೊದಲು ಅವು ಬಂದಿದ್ದವು. ತಿರುಳು ಕುಸಿದ ತಕ್ಷಣ ನ್ಯೂಟ್ರಿನೊಗಳು ಸೀದಾ ಹೊರಗೆ ಹಾರುತ್ತವೆ. ಆಘಾತದ ಅಲೆ ನಕ್ಷತ್ರದ ಮೈ ಸೀಳಿಕೊಂಡು ಹೊರಬರಲು ಗಂಟೆಗಳು ಬೇಕು. ಸ್ಫೋಟದ ಶಕ್ತಿಯಲ್ಲಿ ಶೇಕಡಾ 99ರಷ್ಟನ್ನು ಒಯ್ಯುವುದು ನ್ಯೂಟ್ರಿನೊಗಳೇ. ನಾವು ನೋಡಿ ಬೆರಗಾಗುವ ಬೆಳಕು ಉಳಿದ ಚೂರು ಪಾರು. ಈಗ ಇಂಥ ಪ್ರಯೋಗಾಲಯಗಳನ್ನು ಒಂದಕ್ಕೊಂದು ಜೋಡಿಸಿದ್ದಾರೆ. ಹಲವು ಕಡೆ ಒಟ್ಟಿಗೆ ಮಿಂಚು ಬಂದರೆ ಎಲ್ಲ ವೀಕ್ಷಣಾಲಯಗಳಿಗೂ ಸುದ್ದಿ ಹೋಗುತ್ತದೆ.

1987ಎ ಎಂಬ ಆ ಸ್ಫೋಟವನ್ನು ಅಂದಿನಿಂದ ಬಿಡದೆ ನೋಡುತ್ತಿದ್ದಾರೆ. ಮೊದಲ ತಿಂಗಳುಗಳ ನಂತರ ಅದರ ಹೊಳಪು ಸುಮಾರು 77 ದಿನಕ್ಕೊಮ್ಮೆ ಅರ್ಧವಾಗುತ್ತಾ ಬಂತು. ಕೋಬಾಲ್ಟ್-56 ಕಬ್ಬಿಣವಾಗಿ ಬದಲಾಗುವ ಗತಿಯೂ ಅದೇ. ಕಬ್ಬಿಣ ತಯಾರಾಗುವುದನ್ನು ದಿನ ಎಣಿಸಿ ನೋಡಿದ ಹಾಗಾಯಿತು. ಸಿಡಿಯುವುದಕ್ಕೆ 20,000 ವರ್ಷ ಮೊದಲೇ ನಕ್ಷತ್ರ ಉಗುಳಿದ್ದ ಅನಿಲದ ಉಂಗುರವೊಂದು ಸುತ್ತ ಇತ್ತು. ಆಘಾತದ ಅಲೆ ಹೋಗಿ ಬಡಿದಾಗ ಅದು ಮಣಿ ಮಣಿಯಾಗಿ ಬೆಳಗಿತು, ಹಬಲ್ ದೂರದರ್ಶಕದ ಚಿತ್ರಗಳಲ್ಲಿ ಆ ಸರ ಕಾಣುತ್ತದೆ. ಒಳಗೆ ನ್ಯೂಟ್ರಾನ್ ನಕ್ಷತ್ರ ಇದೆಯೇ ಎಂಬ ಪ್ರಶ್ನೆ 37 ವರ್ಷ ಕಾಡಿತು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ನಡುವಿನಲ್ಲಿ ಆರ್ಗಾನ್, ಗಂಧಕದ ಗೆರೆಗಳನ್ನು ಕಂಡಿತು. ಅವು ಹಾಗೆ ಹೊಳೆಯಬೇಕಾದರೆ ಒಳಗೆ ಒಂದು ನ್ಯೂಟ್ರಾನ್ ನಕ್ಷತ್ರ ಇರಬೇಕು.

ಆರ್ದ್ರಾ ನಕ್ಷತ್ರ ಸಿಡಿದರೆ ನಮಗೆ ಅಪಾಯವೇ?
– ಗೃಹಿಣಿ

ಇಲ್ಲ. ಅದು 500ರಿಂದ 700 ಜ್ಯೋತಿರ್ವರ್ಷ ದೂರ ಇದೆ. ಅಪಾಯ ಆಗಬೇಕಾದರೆ ಕೆಲವು ಹತ್ತು ಜ್ಯೋತಿರ್ವರ್ಷದ ಒಳಗೆ ಸಿಡಿಯಬೇಕು. 2019ರ ಕೊನೆಯಲ್ಲಿ ಅದು ಮಂಕಾದಾಗ ಸಿಡಿದೇಬಿಡುತ್ತದೆ ಎಂದು ಗುಲ್ಲೆದ್ದಿತ್ತು. ಅದೇ ಉಗುಳಿದ ಧೂಳು ಅಡ್ಡ ಬಂದಿತ್ತು, ಅಷ್ಟೇ. ಹಿಂದೆ ಸ್ವಲ್ಪ ಹತ್ತಿರದಲ್ಲಿ ನಕ್ಷತ್ರಗಳು ಸಿಡಿದದ್ದಂತೂ ನಿಜ. ಪೆಸಿಫಿಕ್ ಸಾಗರದ ತಳದ ಗಟ್ಟಿ ಪದರದಲ್ಲಿ ಕಬ್ಬಿಣ-60 ಸಿಕ್ಕಿದೆ. ಅದು 26 ಲಕ್ಷ ವರ್ಷಕ್ಕೆ ಅರ್ಧವಾಗುವಂಥದ್ದು. ಭೂಮಿ ಹುಟ್ಟಿದಾಗಿನದಾಗಿದ್ದರೆ ಯಾವತ್ತೋ ಮುಗಿದುಹೋಗಿರಬೇಕಿತ್ತು. ಇಪ್ಪತ್ತು ಮೂವತ್ತು ಲಕ್ಷ ವರ್ಷದ ಹಿಂದೆ ಸಿಡಿದ ನಕ್ಷತ್ರದ ಬೂದಿ ಅದು. ದೂರದರ್ಶಕ ಇಲ್ಲದೆಯೂ ಸೂಪರ್‌ನೋವಾ ಅಧ್ಯಯನ ಮಾಡಬಹುದು ನೋಡಿ.

ನಾನು ಒಂಬತ್ತನೇ ತರಗತಿ. ನನ್ನಂಥವರು ಸೂಪರ್‌ನೋವಾ ಕಂಡುಹಿಡಿಯಲು ಆಗುತ್ತದಾ ಮೇಡಂ? ಎಲ್ಲಾ ದೊಡ್ಡ ಯಂತ್ರಗಳೇ ಮಾಡುತ್ತವಂತೆ.
– ವಿದ್ಯಾರ್ಥಿನಿ

ಆಗುತ್ತದೆ. ದೊಡ್ಡ ಯಂತ್ರಗಳು ರಾತ್ರಿಯಿಡೀ ಆಕಾಶ ಜಾಲಾಡಿ ವರ್ಷಕ್ಕೆ ಸಾವಿರಾರು ಹಿಡಿಯುತ್ತವೆ, ನಿಜ. ಆದರೂ ಸಂದುಗಳು ಉಳಿದೇ ಇರುತ್ತವೆ. 2011ರ ಜನವರಿಯಲ್ಲಿ ಕೆನಡಾದ 10 ವರ್ಷದ ಹುಡುಗಿಯೊಬ್ಬಳು ಕಂಪ್ಯೂಟರಿನಲ್ಲಿ ಹಳೆಯ ಹೊಸ ಫೋಟೊ ಹೋಲಿಸಿ ಒಂದನ್ನು ಹಿಡಿದಳು. 2016ರ ಸೆಪ್ಟೆಂಬರಿನಲ್ಲಿ ಅರ್ಜೆಂಟೀನಾದ ವಿಕ್ಟರ್ ಬುಸೊ ತಮ್ಮ ಹೊಸ ಕ್ಯಾಮೆರಾ ಪರೀಕ್ಷಿಸಲು ಎನ್‌ಜಿಸಿ 613 ಎಂಬ ಗ್ಯಾಲಕ್ಸಿಯ ಫೋಟೊಗಳನ್ನು ತೆಗೆಯುತ್ತಿದ್ದರು. ಅವರ ವೃತ್ತಿ ಬೀಗ ರಿಪೇರಿ. ಮೊದಲ ಫೋಟೊಗಳಲ್ಲಿ ಇಲ್ಲದ ಚುಕ್ಕೆ ಆಮೇಲಿನವುಗಳಲ್ಲಿ ಮೂಡಿ, ಬರಬರುತ್ತಾ ಹೊಳಪಾಯಿತು. ಆಘಾತದ ಅಲೆ ನಕ್ಷತ್ರದ ಮೈ ಒಡೆದು ಹೊರಬಂದ ಗಳಿಗೆಯೇ ಅವರ ಕ್ಯಾಮೆರಾಕ್ಕೆ ಸಿಕ್ಕಿತ್ತು. ಜಗತ್ತಿನ ದೊಡ್ಡ ವೀಕ್ಷಣಾಲಯಗಳು ಕಾದು ಕೂತರೂ ಸುಲಭಕ್ಕೆ ಸಿಗದ ಗಳಿಗೆ ಅದು.

ನೀನು ಹೀಗೆ ಶುರು ಮಾಡು. ಸಪ್ತರ್ಷಿ ಮಂಡಲದ ಕಡೆ ಎಂ82, ಎಂ101 ಎಂಬ ಎರಡು ಗ್ಯಾಲಕ್ಸಿಗಳಿವೆ. ಎಂ82ರಲ್ಲಿ 2014ರಲ್ಲಿ, ಎಂ101ರಲ್ಲಿ 2011 ಮತ್ತು 2023ರಲ್ಲಿ ಸೂಪರ್‌ನೋವಾ ಕಂಡಿವೆ. ಅವುಗಳ ಹಳೆಯ ಚಿತ್ರಗಳನ್ನು ಚೆನ್ನಾಗಿ ನೋಡಿ, ಸುತ್ತಲಿನ ಚುಕ್ಕೆಗಳನ್ನು ಕಾಗದದ ಮೇಲೆ ಕೈಯಲ್ಲೇ ಬರೆದುಕೋ. ನಿನ್ನ ಶಾಲೆಯಲ್ಲೋ ಖಗೋಳ ಸಂಘದಲ್ಲೋ ದೂರದರ್ಶಕ ಸಿಕ್ಕರೆ ತಿಂಗಳಿಗೊಮ್ಮೆ ಅದೇ ಕ್ಯಾಮೆರಾದಲ್ಲಿ, ಅಷ್ಟೇ ಹೊತ್ತು ಫೋಟೊ ತೆಗೆ. ಹೊಸ ಚುಕ್ಕೆ ಕಂಡರೆ ತಕ್ಷಣ ಕುಣಿಯಬೇಡ. ಒಂದು ಗಂಟೆ ಬಿಟ್ಟು ಮತ್ತೊಂದು ಫೋಟೊ ತೆಗೆ. ಚುಕ್ಕೆ ಜಾಗ ಬದಲಿಸಿದ್ದರೆ ಕ್ಷುದ್ರಗ್ರಹ. ಎರಡನೆಯದರಲ್ಲಿ ಇಲ್ಲದೇ ಹೋದರೆ ಕ್ಯಾಮೆರಾದ ಗೀರು. ಅಲ್ಲೇ ನಿಂತಿದ್ದರೆ ಆ ಕ್ಷಣವೇ ದೊಡ್ಡವರನ್ನು ಎಬ್ಬಿಸು.

ಪ್ರತಿ ಫೋಟೊದ ಹೆಸರಿನಲ್ಲೇ ದಿನಾಂಕ, ಸಮಯ, ಎಷ್ಟು ಹೊತ್ತು ತೆಗೆದದ್ದು ಎಂದು ಬರೆದಿಡು. 2009ರ ನನ್ನ ಫೋಟೊದಲ್ಲಿ ಅದನ್ನು ಬರೆದಿಟ್ಟಿದ್ದೆ, ಅದಕ್ಕೇ 15 ವರ್ಷದ ನಂತರ ಲೆಕ್ಕ ಹಾಕಲು ಆಯಿತು. ಈ ಚಳಿಗಾಲದಲ್ಲಿ ಏಡಿ ನೀಹಾರಿಕೆಯ ಫೋಟೊ ಒಂದನ್ನೂ ತೆಗೆದಿಡು. ಜೋಡಿಗೆ ಹಳೆಯದು ಬೇಕಾದರೆ ನನ್ನದನ್ನು ಕಳಿಸುತ್ತೇನೆ.